ಅಕ್ಕನ ಪಾರ್ಟಿ

ಹೋದ ವಾರ ಇಲ್ಲಿನ ಕೊರಿಯನ್ ಗ್ರೋಸರಿಯಲ್ಲಿ ಯಾರೋ ಕಿಮ್ಚಿಯ, ಅಂದರೆ ಅವರ ಕೋಸಿನ ಉಪ್ಪಿನಕಾಯಿಯ, ದೊಡ್ಡ ಬಾಟಲಿ ಕೆಳಗೆ ಬೀಳಿಸಿದರು. ಬೆಳ್ಳುಳ್ಳಿ, ಶುಂಠಿ, ಕೆಂಪು ಮೆಣಸಿನ ಪುಡಿ, ಹುಳಿ ಬಂದ ಕೋಸು... ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಜನ ಕಾಲು ಒದ್ದೆಯಾಗದಂತೆ ದಾಟಿಕೊಂಡು ಹೋದರು. ನಾನು ಮಾತ್ರ ಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅದು ನಮ್ಮ ಕೆಳಗಿನ ಮನೆ ಅಕ್ಕನ ವಾಸನೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಮೈಸೂರಿನಿಂದ ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದೆ. ಯಜಮಾನರು ಬೆಳಗ್ಗೆ ಆಫೀಸಿಗೆ ಹೋದರೆ ಕತ್ತಲಾದ ಮೇಲೇ ದರ್ಶನ. ನನಗೆ ಕಾರು ಓಡಿಸಲು ಬಾರದು. ಗೊತ್ತಿದ್ದ ಕನ್ನಡದವರೆಂದರೆ ಲಾಸ್ ಆಲ್ಟೋಸಿನಲ್ಲಿ ಒಂದು ಮನೆ, ಡ್ಯಾನ್‌ವಿಲ್‌ನಲ್ಲಿ ಇನ್ನೊಂದು. ಯುಗಾದಿಗೊಮ್ಮೆ ಭೇಟಿ, ಅಷ್ಟೇ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬ ಕೊರಿಯನ್ ಹೆಂಗಸು, ಪುಟ್ಟ ಮಗಳ ಜೊತೆ ಇದ್ದಳು. ಕಂಪ್ಯೂಟರಿನ ಬಿಡಿಭಾಗ ಜೋಡಿಸುವ ಫ್ಯಾಕ್ಟರಿಯಲ್ಲಿ ಅವಳಿಗೆ ಮಧ್ಯಾಹ್ನದ ಪಾಳಿ, ಬೆಳಗ್ಗೆ ಬಿಡುವು. ಒಂದು ದಿನ ಬಾಯಿ ತಪ್ಪಿ ಅಕ್ಕ ಅಂದೆ. ಅರ್ಥ ಕೇಳಿದಳು, ಹೇಳಿದೆ, ಅವತ್ತಿನಿಂದ ನಾನು ತಂಗಿಯಾದೆ. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು, ಆದರೆ ಮಾತು ನಿಲ್ಲುತ್ತಿರಲಿಲ್ಲ.

ಅವಳ ಗಂಡ ಕೊರಿಯಾದಲ್ಲಿ ಮೇಷ್ಟ್ರು. ಪ್ರಜಾಪ್ರಭುತ್ವ ಬೇಕು ಎನ್ನುತ್ತಿದ್ದ ವಿರೋಧ ಪಕ್ಷವೊಂದರ ಕಾರ್ಯಕರ್ತ. ಒಬ್ಬ ಜನರಲ್ ಅಧಿಕಾರ ಹಿಡಿದು, ಇದ್ದಬದ್ದ ಪಕ್ಷಗಳನ್ನೆಲ್ಲ ಮುಚ್ಚಿಸಿ, ನಾಯಕರಿಗೆ ರಾಜಕೀಯವೇ ಮಾಡಕೂಡದೆಂದು ಅಪ್ಪಣೆ ಮಾಡಿದ. ಮೇಷ್ಟ್ರನ್ನು ಜೈಲಿಗೆ ಹಾಕಿದರು. ಹೊರಗೆ ಬಂದ ಮನುಷ್ಯ ಹೆಚ್ಚು ದಿನ ಉಳಿಯಲಿಲ್ಲ. ಇಲ್ಲಿದ್ದ ಅವಳ ಅಣ್ಣನೊಬ್ಬ ಅಕ್ಕನನ್ನು ಕರೆಸಿಕೊಂಡ.

"ಗಂಡ ಹೋದ. ಪಾರ್ಟಿ ಇದೆ," ಅನ್ನುತ್ತಿದ್ದಳು.

ಮುಚ್ಚಿಸಿದ ಪಾರ್ಟಿ ಇನ್ನೆಲ್ಲಿರುತ್ತೆ, ಪಾಪ, ಸಂಕಟಕ್ಕೆ ಹಾಗನ್ನುತ್ತಾಳೆ ಅಂದುಕೊಂಡಿದ್ದೆ. ಆ ಪಾರ್ಟಿಯೇ ನನ್ನ ಸವತಿ ಅಂತ ಆಗ ಹೊಳೆಯಲಿಲ್ಲ.

ಚಳಿ ಶುರುವಾಗುವ ಮುಂಚೆ ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಹಾಕುವುದು ಅವರ ಪದ್ಧತಿ. ಮೊದಲ ವರ್ಷ ನನ್ನನ್ನು ಕರೆದಳು. ಹೋಗಿ ನೋಡಿದರೆ ಬಾತ್‌ಟಬ್ಬಿನ ತುಂಬ ಕೋಸು! ಅಷ್ಟು ಕೋಸಿಗೆ ಉಪ್ಪು ಹಾಕಿ ನೆನೆಸುವ ಪಾತ್ರೆ ಯಾರ ಮನೆಯಲ್ಲೂ ಇಲ್ಲ, ಅದಕ್ಕೆ ಸ್ನಾನದ ತೊಟ್ಟಿಯನ್ನೇ ಉಜ್ಜಿ ತೊಳೆದು ಬಳಸುತ್ತಾರೆ. ಮಡಿಯ ನಮ್ಮಮ್ಮ ನೋಡಿದ್ದರೆ ಊಟ ಬಿಡುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ ಕೂತೆ. ಮಸಾಲೆ ಸವರಿದ ಮೇಲೆ ಅಕ್ಕ ಒಂದು ಎಳೆಯ ಎಲೆ ಸುತ್ತಿ ನನ್ನ ಬಾಯಿಗಿಟ್ಟಳು. ಮೊದಲ ತುತ್ತು ಹಾಗೆ ಕೈಯಿಂದಲೇ ಹತ್ತಿರದವರ ಬಾಯಿಗೆ ಇಡಬೇಕಂತೆ. ಅವರ ಮಸಾಲೆಗೆ ಮೀನಿನ ರಸ ಬೀಳುತ್ತದೆ, ನಾನು ಮೀನು ಮುಟ್ಟುವವಳಲ್ಲವೆಂದು ಅದಿಲ್ಲದ ಒಂದು ಬಾಟಲಿ ನನಗೆಂದೇ ಬೇರೆ ಮಾಡಿದ್ದಳು, ಆ ತುತ್ತೂ ಅದರದ್ದೇ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದಳು. ನಾನೂ ಹೌದೆಂದೆ.

ಎರಡು ಮೂರು ವರ್ಷ ಹೀಗೇ ಸುಖವಾಗಿ ನಡೆಯಿತು. ಆಮೇಲೆ ಆ ಪಾರ್ಟಿಗೆ ಜೀವ ಬಂತು. ನಿಷೇಧ ಸಡಿಲವಾಗಿ, ಹಳಬರೆಲ್ಲ ಸೇರಿ ಹೊಸ ಹೆಸರಿನಲ್ಲಿ ಪಕ್ಷ ಕಟ್ಟಿ, ಚುನಾವಣೆಗೆ ನಿಂತು, ಯಾರೂ ಎಣಿಸದಷ್ಟು ಸೀಟು ಗೆದ್ದರು. ಕೊರಿಯಾದ ಸಿಯೋಲ್ ನಗರದಲ್ಲಿ ಗೆದ್ದರೆ ಸಾಂಟಾ ಕ್ಲಾರಾದ ನಮ್ಮ ಮೆಟ್ಟಿಲ ಮೇಲೆ ಚಪ್ಪಲಿ ರಾಶಿ ಬಿತ್ತು. ಎಲ್ಲೆಲ್ಲಿಂದಲೋ ಹೆಂಗಸರು ಬಂದರು. ಪಾರ್ಟಿಗೆ ಹಣ ಕಳಿಸಬೇಕು, ಅದಕ್ಕೆ ಕಿಮ್ಚಿ ಹಾಕಿ ಮಾರಬೇಕು. ನನ್ನನ್ನು ಬಾಗಿಲ ಬಳಿ ಬೆಳ್ಳುಳ್ಳಿ ಬಿಡಿಸಲು ಕೂರಿಸಿದರು. ಒಳಗೆ ನಗು, ಹಾಡು, ಒಂದಕ್ಷರ ಅರ್ಥವಾಗದ ಮಾತು. ಫಾಸ್ಟರ್ ಸಿಟಿಯಿಂದ ಬರುತ್ತಿದ್ದ ಒಬ್ಬಳು, ಲಿಪ್‌ಸ್ಟಿಕ್ಕು ಹಚ್ಚಿ ತಯಾರಾಗಿ ಬರುವ ದಪ್ಪನೆಯವಳು, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ಆ ವರ್ಷ ಅಕ್ಕ ಮೊದಲ ತುತ್ತು ಇಟ್ಟದ್ದು ಅವಳ ಬಾಯಿಗೆ. ಮೀನಿಲ್ಲದ ಬಾಟಲಿ ಮರೆತೇ ಹೋಗಿತ್ತು.

ಹೊಟ್ಟೆ ಉರಿದುಹೋಯಿತು. ನಾಜೂಕಾಗಿ ಹೇಳುವುದಕ್ಕೆ ನನಗೆ ಬರುವುದಿಲ್ಲ, ಅದು ಶುದ್ಧ ಹೊಟ್ಟೆಕಿಚ್ಚು. ಅಕ್ಕನಿಗೆ ಇನ್ನೊಬ್ಬ ಗೆಳತಿ ಸಿಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಒಂದು ಪಕ್ಷದ ಜೊತೆ ಹೇಗೆ ಜಗಳ ಆಡುವುದು?

"ರೀ, ಅವಳಿಗೆ ಬರೀ ಪಾರ್ಟಿ ಪಾರ್ಟಿ ಪಾರ್ಟಿ," ಎಂದು ಯಜಮಾನರ ಹತ್ತಿರ ದೂರಿದೆ.

"ನೀನೂ ಮೆಂಬರ್ ಆಗ್ಬಿಡು, ಪ್ರಾಬ್ಲಮ್ಮು ಸಾಲ್ವು," ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಎಂಬತ್ತೇಳರ ಬೇಸಿಗೆಯಲ್ಲಿ ಆ ದೇಶದ ಜನ ಬೀದಿಗಿಳಿದರು. ಅಕ್ಕನ ಟೀವಿಯಲ್ಲಿ ಹೊಗೆ, ಓಟ, ವಿದ್ಯಾರ್ಥಿಗಳು... ಕೊನೆಗೆ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬಹುದೆಂದು ಸರ್ಕಾರ ಒಪ್ಪಿತು. ಅಕ್ಕ ನನ್ನನ್ನು ಅಪ್ಪಿಕೊಂಡು ಅತ್ತಳು. ನನಗೆ ಬೇರೆಯದೇ ಭಯ. ಪಾರ್ಟಿ ಗೆದ್ದರೆ ಇವಳು ಇಲ್ಲಿ ಯಾಕಿರುತ್ತಾಳೆ? ಗಂಡನ ಊರಿಗೆ ಹೋಗುತ್ತಾಳೆ, ಅಲ್ಲಿ ಅವಳಿಗೆ ಹಾರ ಹಾಕುತ್ತಾರೆ, ನಾನಿಲ್ಲಿ ಗೋಡೆ ನೋಡಿಕೊಂಡು ಕೂರುತ್ತೇನೆ. ದೇವರ ಮುಂದೆ ದೀಪ ಹಚ್ಚಿ, ಸೋಲಲಪ್ಪ ಅಂತ ಕೇಳಿಕೊಂಡೆ. ಯಾರಿಗೇನು ಕೇಡು ಬಯಸಿದೆ? ನನ್ನ ಅಕ್ಕನನ್ನು ನನಗೆ ಬಿಡು ಅಂದೆ, ಅಷ್ಟೇ.

ದೇವರಿಗೆ ಕಷ್ಟವೇ ಆಗಲಿಲ್ಲ. ಆ ಪಾರ್ಟಿಯಲ್ಲಿ ಇಬ್ಬರು ದೊಡ್ಡ ನಾಯಕರಿದ್ದರು. ವರ್ಷಗಟ್ಟಲೆ ಒಟ್ಟಿಗೆ ಪೆಟ್ಟು ತಿಂದವರು. ಕುರ್ಚಿ ಹತ್ತಿರ ಬಂದದ್ದೇ ತಾನು ನಿಲ್ಲುತ್ತೇನೆ ಅಂತ ಒಬ್ಬ, ತಾನೇ ಅಂತ ಇನ್ನೊಬ್ಬ. ಪಕ್ಷ ಎರಡಾಯಿತು. ನಮ್ಮ ಮೆಟ್ಟಿಲ ಮೇಲಿನ ಚಪ್ಪಲಿಗಳೂ ಎರಡಾದವು. ಬಹಳ ಜನ ಫಾಸ್ಟರ್ ಸಿಟಿಯವಳ ಹಿಂದೆ ಹೋದರು. ಅವರ ಕೋಸು ಅವಳ ಮನೆಯ ಟಬ್ಬಿನಲ್ಲಿ ನೆನೆಯಿತು. ಅಕ್ಕ ಇನ್ನೊಬ್ಬ ನಾಯಕನ ಕಡೆ. ಅವಳ ಕಡೆ ಉಳಿದವರು ಒಬ್ಬೊಬ್ಬರೇ ನೆಪ ಹೇಳಿ ಜಾರಿಕೊಂಡರು.

ಆ ಚಳಿಗಾಲ ಟಬ್ಬಿನ ಮುಂದೆ ಮತ್ತೆ ನಾವಿಬ್ಬರೇ. ಅಕ್ಕ ಅಳುತ್ತ ಎಲೆಗೆ ಖಾರ ಸವರುತ್ತಿದ್ದಳು. ನನ್ನ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಹಬ್ಬ ಆಚರಿಸುತ್ತಿತ್ತು. "ನೀನಾದರೂ ಬಂದೆಯಲ್ಲ," ಎಂದು ಮೊದಲ ತುತ್ತು ನನ್ನ ಬಾಯಿಗಿಟ್ಟಳು. ನನ್ನ ಬಾಟಲಿಯನ್ನೂ ಮರೆಯಲಿಲ್ಲ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಓಟು ಇಬ್ಬರಿಗೂ ಹಂಚಿಹೋಗಿ, ಜನರಲ್‌ನ ಜೊತೆಗಾರನೇ ಗೆದ್ದ. ಸಮಾಧಾನ ಹೇಳೋಣವೆಂದು ಬಿಸಿ ಬಿಸಿ ಕಾಫಿ ಮಾಡಿಕೊಂಡು ಕೆಳಗಿಳಿದೆ. ಅಕ್ಕ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದಳು.

"ಊರಿಗೆ ಹೋಗ್ತೀನಿ," ಅಂದಳು.

"ಯಾಕಕ್ಕಾ? ಸೋತ್ರಲ್ಲ?"

"ಗೆದ್ದಿದ್ರೆ ಇಲ್ಲೇ ಕೂತು ಖುಷಿ ಪಡ್ತಿದ್ದೆ. ಗೆದ್ದವರಿಗೆ ನಾನ್ಯಾಕೆ ಬೇಕು? ಸೋತಿದೆ, ಒಡೆದಿದೆ. ಈಗ ಅದಕ್ಕೆ ಯಾರಿದ್ದಾರೆ?"

ಕಾಫಿ ಲೋಟವನ್ನು ಅವಳ ಡಬ್ಬದ ಪಕ್ಕ ಇಟ್ಟೆ. ಏನಂತ ಬೇಡಿಕೊಂಡೆನೋ ಅದೇ ಆಗಿತ್ತು. ಜನವರಿಯಲ್ಲಿ ಅವಳ ಮನೆಗೆ ಬೇರೆ ಬಾಡಿಗೆಯವರು ಬಂದರು.

ಮೊದಮೊದಲು ಹೊಸ ವರ್ಷಕ್ಕೆ ಫೋನು ಮಾಡುತ್ತಿದ್ದಳು. ಆಮೇಲೆ ಅದೂ ಕಮ್ಮಿಯಾಯಿತು... ಆ ಪಾರ್ಟಿ ಮುಂದೆ ಒಡೆಯಿತು, ಕೂಡಿತು, ಎಷ್ಟೋ ಸಲ ಹೆಸರು ಬದಲಿಸಿತು, ಅಧಿಕಾರಕ್ಕೂ ಬಂತು. ಸುದ್ದಿ ಬಂದಾಗಲೆಲ್ಲ ಗಂಡನ ಎರಡನೇ ಸಂಸಾರದ ಸುದ್ದಿ ಕೇಳಿದ ಹಾಗೆ ಮುಖ ಗಂಟಿಕ್ಕಿಕೊಂಡೇ ಕೇಳಿದೆ.

ಅವತ್ತು ಗ್ರೋಸರಿಯಿಂದ ಬಂದವಳೇ ಅವಳ ಊರಿನ ಹಳೆಯ ನಂಬರಿಗೆ ಫೋನು ಮಾಡಿದೆ. ಮಗಳು ಎತ್ತಿದಳು. ಅಕ್ಕ ತೀರಿಹೋಗಿ ಆರು ತಿಂಗಳಾಯಿತಂತೆ. ಯಾರಿಗೆ ತಿಳಿಸಬೇಕೆಂದು ಅವಳಿಗೆ ಗೊತ್ತಾಗಲಿಲ್ಲವಂತೆ. ಅಂತ್ಯಕ್ರಿಯೆಗೆ ಪಾರ್ಟಿ ಆಫೀಸಿನಿಂದ ದೊಡ್ಡ ಹೂವಿನ ಚಕ್ರ ಬಂದಿತ್ತು, ಎಲ್ಲಕ್ಕಿಂತ ಮುಂದೆ ಇಟ್ಟಿದ್ದೆವು ಅಂದಳು. ಇಟ್ಟಿರುತ್ತಾರೆ, ಯಾಕಿಡುವುದಿಲ್ಲ.

ಬಾಯಿ ತಡೆಯದೆ, ನನ್ನ ವಿಷಯ ಏನಾದರೂ ಹೇಳುತ್ತಿದ್ದಳಾ ಎಂದು ಕೇಳಿದೆ.

"ಎಲ್ಲರ ಹತ್ರ ಹೇಳ್ತಿದ್ರು ಆಂಟಿ," ಎಂದು ಆ ಹುಡುಗಿ ಚೆಂದದ ಇಂಗ್ಲಿಷಿನಲ್ಲಿ ಅಂದಳು. "ಪಾರ್ಟಿ ಒಡೆದಾಗ ನಮ್ಮ ಜನರೇ ಬಿಟ್ಟುಹೋದ್ರು, ಆ ಇಂಡಿಯಾದವಳು ಬಿಡ್ಲಿಲ್ಲ. ಪಾರ್ಟಿ ಮೇಲೆ ಅವಳಿಗಿದ್ದಷ್ಟು ನಿಷ್ಠೆ ಇನ್ಯಾರಿಗೂ ಇರ್ಲಿಲ್ಲ ಅಂತ."

ಅಲ್ಲಮ್ಮ, ಎನ್ನಲು ಬಾಯಿ ತೆರೆದೆ. ಆದರೆ ಯಾರಿಗೆ ಹೇಳಲಿ? ಕೇಳಬೇಕಾದವಳೇ ಇಲ್ಲ. ನಾನು ಕೂತಿದ್ದು ಅಕ್ಕನ ಪಕ್ಕದಲ್ಲಿ. ಅದನ್ನೂ ಅವಳು ಆ ಪಾರ್ಟಿಗೇ ಕೊಟ್ಟುಬಿಟ್ಟು ಹೋಗಿದ್ದಳು.