ಕಾರಣವಿಲ್ಲದೆ ಬಿಟ್ಟು ಬಂದವಳು

ಮೊದಲೇ ಹೇಳಿಬಿಡುತ್ತೇನೆ, ಅವಳ ಅಣ್ಣನನ್ನು ಕಂಡರೆ ನನಗಾಗುವುದಿಲ್ಲ. ಅತ್ತಿಗೆಯನ್ನು ಕಂಡರೆ ಇನ್ನೂ ಆಗುವುದಿಲ್ಲ. ಹಾಗಂತ ಅವಳನ್ನು ಕಂಡರೆ ನನಗೆ ಬಹಳ ಪ್ರೀತಿ ಎಂದೂ ತಿಳಿಯಬೇಡಿ. ನನ್ನ ಸ್ಟುಡಿಯೋದಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೂ ಒಂದು ದಿನ ನಾನು ಮಾಡಿದ ಚಹಾ ಚೆನ್ನಾಗಿದೆ ಎಂದವಳಲ್ಲ. ಆದರೆ ಅವಳ ವಿಷಯದಲ್ಲಿ ಜನ ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದಾರೆ. ನಡೆದದ್ದನ್ನು ಕಣ್ಣಾರೆ ಕಂಡವಳು ನಾನು, ಅವರಲ್ಲ.

ನಮ್ಮದು ಫೋಟೋ ಸ್ಟುಡಿಯೋ. ಗಂಡ ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಮುಂದೆ ಗಾಜಿನ ಕೌಂಟರು, ಅದರಾಚೆ ನೀಲಿ ಪರದೆ, ಎರಡು ದೊಡ್ಡ ದೀಪ, ಕಾಲು ಅಲ್ಲಾಡುವ ಒಂದು ಸ್ಟೂಲು. ಅದಕ್ಕೂ ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಅವಳು. ಫೋಟೋದಲ್ಲಿನ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಜೋತುಬಿದ್ದ ಗಲ್ಲ ಇವನ್ನೆಲ್ಲ ಒರೆಸಿ ನುಣುಪು ಮಾಡುವ ಕೆಲಸಕ್ಕೆ ನಾವು ಟಚಿಂಗ್ ಎನ್ನುತ್ತೇವೆ. ಹಾಗಾಗಿ ಅವಳು ಎಲ್ಲರ ಬಾಯಲ್ಲೂ ಟಚಿಂಗಮ್ಮ. ಅದಕ್ಕಿಂತ ಹೆಚ್ಚು ಗಿರಾಕಿ ಇರುವುದು ಸೇರಿಸುವ ಕೆಲಸಕ್ಕೆ. ಮನೆಮಂದಿಯೆಲ್ಲ ಕೂತು ತೆಗೆಸಿದ ಫೋಟೋದಲ್ಲಿ ಒಬ್ಬ ಇರುವುದಿಲ್ಲ. ದೂರದಲ್ಲಿರುತ್ತಾನೆ, ಇಲ್ಲವೇ ಮುನಿಸಿಕೊಂಡಿರುತ್ತಾನೆ, ಇಲ್ಲವೇ ತೀರಿಕೊಂಡಿರುತ್ತಾನೆ. ಅವನ ಹಳೆಯ ಫೋಟೋ ತಂದುಕೊಟ್ಟರೆ ಸಾಕು, ಟಚಿಂಗಮ್ಮ ಅವನನ್ನು ಸಾಲಿನಲ್ಲಿ ನಿಲ್ಲಿಸಿಬಿಡುತ್ತಾಳೆ. ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ನಮ್ಮ ಫೋಟೋಗಳಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ಹಲ್ಲು ಬಿಡುತ್ತಿದ್ದಾರೆ.

ಅವಳು ಗಂಡನನ್ನು ಬಿಟ್ಟು ಬಂದು ಬಹಳ ಕಾಲವಾಯಿತು. ಬಿಟ್ಟದ್ದು ಇವಳೇ. ಅವನಿಗೆ ಬೇರೆ ಊರಿನಲ್ಲಿ ಬಣ್ಣದ ಅಂಗಡಿ. ಇಬ್ಬರೂ ಕೋರ್ಟಿಗೆ ಹೋಗಿ ಸಹಿ ಹಾಕಿ ಬಂದರು, ಆಮೇಲೆ ಅವನು ಇನ್ನೊಂದು ಮದುವೆಯಾದ, ಒಬ್ಬಳು ಮಗಳಿದ್ದಾಳೆ. ವಿಷಯ ಗೊತ್ತಿದ್ದ ಹತ್ತಿರದವರಲ್ಲಿ ಯಾಕೆ ಬಿಟ್ಟೆ ಎಂದು ಇವಳನ್ನು ಕೇಳದವರಿಲ್ಲ.

"ಹೊಡೀತಿದ್ನಾ?"

"ಇಲ್ಲ."

"ಕುಡೀತಿದ್ನಾ?"

"ಇಲ್ಲ."

"ಅವನ ತಾಯಿ ಕಾಟ ಕೊಡ್ತಿದ್ರೇನೋ?"

"ಅವರು ನನ್ನ ಚೆನ್ನಾಗೇ ನೋಡ್ಕೊಂಡ್ರು."

"ಮತ್ತಿನ್ನೇನೇ ನಿಂಗೆ?"

"ಅಲ್ಲಿರೋಕೆ ನಂಗಿಷ್ಟ ಇರ್ಲಿಲ್ಲ."

ಆಗ ಕೇಳಿದವರ ಮುಖ ನೋಡಬೇಕು. ಅಯ್ಯೋ ಪಾಪ ಎನ್ನಲು ತೆರೆದ ಬಾಯಿ ಹಾಗೇ ಮುಚ್ಚಿಕೊಳ್ಳಬೇಕು. ನಾನೂ ಒಮ್ಮೆ ಕೇಳಿದ್ದೆ, ನನಗೂ ಇದೇ ಉತ್ತರ ಸಿಕ್ಕಿತ್ತು. ಮೈಯೆಲ್ಲ ಉರಿದುಹೋಗಿತ್ತು ನನಗೆ. ಇಷ್ಟವಿಲ್ಲ ಅಂತ ಎದ್ದು ಬರಬಹುದಾದರೆ ನಾವೆಲ್ಲ ಯಾವ ಸುಖಕ್ಕೆ ಕೂತಿದ್ದೆವು? ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಅದು ಅವಳ ಗಮನಕ್ಕೂ ಬರಲಿಲ್ಲ.

ಅವಳ ಅಣ್ಣ ಬ್ಯಾಂಕಿನಲ್ಲಿ ಮ್ಯಾನೇಜರು. ಅವನಿಗೆ ಈ ಉತ್ತರ ನುಂಗಲಾರದ ತುತ್ತು. ತಂಗಿ ತನ್ನ ಮನೆಯ ಮಹಡಿಯ ಕೋಣೆಗೆ ಬಂದು ಸೇರಿದ ವಾರದಲ್ಲೇ ಅವನು ಒಂದು ಗಾಳಿಸುದ್ದಿ ಬಿಟ್ಟ: ಭಾವನಿಗೆ ಹಡಗಿನಲ್ಲಿ ಕೆಲಸ ಸಿಕ್ಕಿದೆ, ವರ್ಷಗಟ್ಟಲೆ ಸಮುದ್ರದಲ್ಲೇ ಇರಬೇಕು, ಅದಕ್ಕೇ ತಂಗಿ ನಮ್ಮಲ್ಲಿದ್ದಾಳೆ. ಟಚಿಂಗಮ್ಮ ಹೌದೆನ್ನಲಿಲ್ಲ, ಅಲ್ಲ ಎಂದೂ ಬೀದಿಗಿಳಿದು ಸಾರಲಿಲ್ಲ. ತಲೆಯ ಮೇಲೊಂದು ಸೂರು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅಣ್ಣನ ಮಗಳು ಬೇಕಿದ್ದಳು. ಆ ಹುಡುಗಿಗೆ ಜಡೆ ಹಾಕಿದ್ದು, ಲೆಕ್ಕ ಹೇಳಿಕೊಟ್ಟಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಎಲ್ಲ ಈ ಅತ್ತೆಯೇ. ಹೆತ್ತವಳಿಗೆ ಪಕ್ಕದ ಮನೆಯವರ ಕಿವಿ ಕಚ್ಚುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ.

ಹಡಗು ತೇಲಲು ಸಾಕ್ಷಿ ಬೇಕಲ್ಲ. ಪ್ರತಿವರ್ಷ ಅಣ್ಣನ ಮನೆಯವರು ನಮ್ಮಲ್ಲಿಗೆ ಬಂದು ಫೋಟೋ ತೆಗೆಸುತ್ತಿದ್ದರು, ತಂಗಿಯ ಪಕ್ಕ ಒಂದಾಳು ನಿಲ್ಲುವಷ್ಟು ಜಾಗ ಬಿಟ್ಟು. ಸಂಜೆ ಟಚಿಂಗಮ್ಮನೇ ತನ್ನ ಗಂಡನನ್ನು ತಂದು ಆ ಜಾಗದಲ್ಲಿ ನಿಲ್ಲಿಸುತ್ತಿದ್ದಳು. ಇದ್ದದ್ದು ಮದುವೆಯ ಕಾಲದ ಒಂದೇ ಫೋಟೋ. ಕೂದಲು ಸ್ವಲ್ಪ ನರೆಸಲೇ, ಹೊಟ್ಟೆ ಬರಿಸಲೇ ಎಂದು ಅವಳು ಕೇಳಿದರೆ ಅಣ್ಣ ಒಪ್ಪುತ್ತಿರಲಿಲ್ಲ. ಲಕ್ಷಣವಾಗಿದ್ದಾನೆ, ಹಾಗೇ ಇರಲಿ ಎನ್ನುತ್ತಿದ್ದ. ಹೀಗಾಗಿ ಆ ಮನೆಯ ಗೋಡೆಯ ಮೇಲೆ ಎಲ್ಲರಿಗೂ ವಯಸ್ಸಾಗುತ್ತ ಹೋಯಿತು, ಭಾವನಿಗೆ ಮಾತ್ರ ಆಗಲಿಲ್ಲ. ಅದೇ ಚೌಕಳಿ ಅಂಗಿ, ಅದೇ ದಟ್ಟ ಕೂದಲು. ಕೊನೆಕೊನೆಗೆ ಅವಳ ಪಕ್ಕದಲ್ಲಿ ಮಗನ ಹಾಗೆ ಕಾಣುತ್ತಿದ್ದ. ಯಾರಾದರೂ ಹುಬ್ಬೇರಿಸಿದರೆ ಅತ್ತಿಗೆ, "ಸಮುದ್ರದ ಗಾಳಿ ನೋಡಿ, ಮುಖಕ್ಕೆ ಒಂದು ಗೆರೆ ಬೀಳಲ್ಲ" ಎನ್ನುತ್ತಿದ್ದಳು. ಇಷ್ಟು ನಾಚಿಕೆಗೆಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹುಡುಗಿಗೆ ಸಂಬಂಧ ಕೂಡಿಬಂತು. ಒಳ್ಳೆಯ ಮನೆ, ಹುಡುಗನೂ ಅವಳೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಮಾತೆಲ್ಲ ಮುಗಿಯುವ ಹೊತ್ತಿಗೆ ಹುಡುಗನ ತಾಯಿ ಗೋಡೆಯ ಫೋಟೋ ನೋಡಿ, ನಿಶ್ಚಿತಾರ್ಥಕ್ಕೆ ಇವರೂ ಬರಲಿ, ಹಡಗಿನಿಂದ ಯಾವಾಗ ಇಳಿಯುತ್ತಾರೋ ಆಗಲೇ ಇಟ್ಟುಕೊಳ್ಳೋಣ ಎಂದುಬಿಟ್ಟರು. ಮರುದಿನ ಬೆಳಿಗ್ಗೆಯೇ ಅಣ್ಣ ಸ್ಟುಡಿಯೋದ ಬಾಗಿಲಿಗೆ ಬಂದು ನಿಂತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಸೀದಾ ಒಳಕೋಣೆಗೆ ನುಗ್ಗಿದ.

"ಭಾವಂದೇ ಒಂದು ಫೋಟೋ ದೊಡ್ಡದಾಗಿ ಮಾಡ್ಕೊಡು. ಕಪ್ಪು ಫ್ರೇಮು."

"ಯಾಕಣ್ಣ?"

"ಹೋಗ್ಬಿಟ್ಟ ಅಂತ ಹೇಳ್ತೀನಿ. ಹಡಗಲ್ಲಿ, ಎದೆನೋವು. ಅಲ್ಲಿಗೆ ಎಲ್ಲ ಮುಗೀತು. ಇನ್ಮೇಲೆ ಯಾರೂ ಅವನ್ನ ಕೇಳಲ್ಲ. ನಿಂಗೂ ಒಂದು ಮರ್ಯಾದೆ."

ನಾನು ಬಾಗಿಲಲ್ಲೇ ನಿಂತಿದ್ದೆ. ತಡೆಯಲಾಗಲಿಲ್ಲ. "ಸತ್ತ ದಿನ ಯಾವ್ದು ಅಂತ ಹಾಕೋಣ ಸಾರ್? ನಿಮಗೆ ಬ್ಯಾಂಕ್ ರಜಾ ಇರೋ ದಿನ ನೋಡಿ ಹೇಳಿ" ಎಂದೆ. ಅವನು ತಿರುಗಿ ಕೂಡ ನೋಡಲಿಲ್ಲ.

ಟಚಿಂಗಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. "ನೀನು ಹಡಗಿಗೆ ಕಳಿಸ್ದೆ, ನಾನು ಸುಮ್ನಿದ್ದೆ. ಪ್ರತಿವರ್ಷ ತಂದು ಪಕ್ಕದಲ್ಲಿ ನಿಲ್ಸು ಅಂದೆ, ನಿಲ್ಸಿದೆ. ಈಗ ಸಾಯ್ಸಿದ್ರೆ ನಾನು ಅಳ್ಬೇಕಾಗುತ್ತೆ. ನಂಗೆ ಅಳು ಬರಲ್ಲ."

"ಬರಿಸ್ಕೋ."

"ಬರಲ್ಲ ಅಣ್ಣ. ಅವರು ಬದುಕಿದ್ದಾರೆ. ನಾನೂ ಬದುಕಿದೀನಿ."

"ನನ್ನ ಮನೇಲಿ ಇದ್ಕೊಂಡು, ನನ್ನ ಅನ್ನ ತಿಂದ್ಕೊಂಡು..." ಎಂದು ಅವನು ಶುರು ಮಾಡಿದ. ಮುಂದಿನದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಒಡಹುಟ್ಟಿದವಳನ್ನು ಆ ಮಾತಿನಿಂದ ಕರೆದವನ ಬಾಯಿಗೆ ಹುಳ ಬೀಳಲಿ.

ಫೋಟೋ ಇಲ್ಲದೆಯೂ ಅವನು ಭಾವನನ್ನು ಸಾಯಿಸಿಯೇಬಿಟ್ಟ. ಹುಡುಗನ ಕಡೆಯವರು ಕೇಳಿ ಮರುಗಿ, ಟಚಿಂಗಮ್ಮನನ್ನು ಮಾತಾಡಿಸಿ ಹೋಗಲು ಬಂದರು. ನಾನೂ ಹೋಗಿದ್ದೆ. ಸಮಾಧಾನ ಹೇಳಲಲ್ಲ, ತಮಾಷೆ ನೋಡಲು. ಸುಳ್ಳೇಕೆ ಹೇಳಲಿ. ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಹುಡುಗನ ತಾಯಿ ದೊಡ್ಡ ಆಳು, ನಿಧಾನದ ಮಾತಿನವರು. "ಎಂಥಾ ವಯಸ್ಸು ಹೇಳಿ ಅವರ್ದು" ಎಂದು ನಿಟ್ಟುಸಿರುಬಿಟ್ಟರು.

ಟಚಿಂಗಮ್ಮ ಫೋನು ತೆಗೆದು ಒಂದು ನಂಬರು ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಟೀಪಾಯಿ ಮೇಲಿಟ್ಟಳು. ಆ ಕಡೆಯಿಂದ ಗಂಡಸಿನ ದನಿ ಬಂತು. "ಹಲೋ, ಏನು? ಅಂಗಡೀಲಿದೀನಿ."

"ಏನಿಲ್ಲ. ಬದುಕಿದ್ದೀರಾ ಅಂತ ಕೇಳೋಕೆ ಮಾಡ್ದೆ."

"ಯಾಕೆ, ಅಲ್ಲಿ ಬೇರೇನಾದ್ರೂ ಸುದ್ದಿ ಇದ್ಯಾ?"

"ಇದೆ."

"ಸುಳ್ಳು ಅಂತ ಹೇಳಿಬಿಡು. ಗಿರಾಕಿ ಕಾಯ್ತಿದಾರೆ, ಇಡ್ತೀನಿ."

ಸತ್ತವನು ಇಷ್ಟು ಚುಟುಕಾಗಿ ಮಾತಾಡಿದ್ದನ್ನು ಕೇಳಿ ನನಗೆ ನಗು ಒತ್ತರಿಸಿ ಬಂತು. ಬೇರೆ ಯಾರೂ ನಗಲಿಲ್ಲ. ಹುಡುಗನ ತಾಯಿ ಲೋಟ ಕೆಳಗಿಟ್ಟು ಎದ್ದರು, ಹಿಂದೆಯೇ ಎಲ್ಲರೂ ಎದ್ದರು. ಅಣ್ಣ ಬಾಗಿಲವರೆಗೆ ಓಡಿ, ತಂಗಿಗೆ ತಲೆ ಸರಿಯಿಲ್ಲ ಎಂದು ಏನೇನೋ ಗೊಣಗಿದ. ಅಂದೇ ಸಂಜೆ ಅವಳ ಬಟ್ಟೆಬರೆ ಮಹಡಿಯಿಂದ ಅಂಗಳಕ್ಕೆ ಬಿತ್ತು. ಅವಳು ಒಂದೊಂದೇ ಆರಿಸಿ ಕೊಡವಿ ಮಡಚಿಕೊಂಡು ಸ್ಟುಡಿಯೋದ ಒಳಕೋಣೆಗೆ ಬಂದಳು. ನಾನು ಚಾಪೆ ಕೊಟ್ಟೆ.

ಕೆಲವು ದಿನ ಕಳೆದು ಹುಡುಗಿ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಕೌಂಟರಿನಲ್ಲಿ ನಾನು ಕೂತಿದ್ದೇನೆ ಎಂಬುದನ್ನೂ ಲೆಕ್ಕಿಸದೆ ಅತ್ತೆಯ ಎದುರು ನಿಂತಳು.

"ಅತ್ತೆ, ಅವ್ರು ಇನ್ನೂ ಪೂರ್ತಿ ಬೇಡ ಅಂದಿಲ್ಲ. ನಡೆದದ್ದೆಲ್ಲ ವಿಚಾರಿಸ್ಕೊಂಡಿದಾರೆ. ಸುಳ್ಳು ಹೇಳಿದ್ದು ಅಪ್ಪ ತಾನೇ, ಅದನ್ನ ಹೊಟ್ಟೆಗೆ ಹಾಕ್ಕೋತಾರಂತೆ. ನೀವು ಯಾಕೆ ಬಿಟ್ರಿ ಅನ್ನೋದೇ ಅವ್ರಿಗೆ ಕೊರೀತಿರೋದು. ಹೊಡೀತಿದ್ರು ಅಂತ ನಾನು ಹೇಳಿಬಿಟ್ಟಿದೀನಿ."

"ಯಾಕೆ ಹೇಳ್ದೆ?"

"ಇನ್ನೇನ್ ಹೇಳ್ಲಿ? ಹೊಡೆಸ್ಕೊಂಡು ಬಿಟ್ರೆ ಜನಕ್ಕೆ ಅರ್ಥ ಆಗುತ್ತೆ. ಅವ್ರ ಅಮ್ಮ ಇಲ್ಲಿಗೇ ಬರ್ತಿದಾರೆ, ಕಾರು ನಿಲ್ಲಿಸ್ತಿದಾರೆ. ಹೌದು ಅಂದ್ರೆ ಸಾಕು. ಒಂದು ಮಾತು. ನನ್ನನ್ನ ಕೈಯಾರೆ ಸಾಕಿದೀನಿ ಅಂತೀರಲ್ಲ."

"ಹೊಡೀತಿದ್ರು ಅಂದ್ಯಲ್ಲ, ಅವರಿಗೊಬ್ಬಳು ಮಗಳಿದ್ದಾಳೆ ಕಣೆ. ನಾಳೆ ಅವಳ ಕಿವಿಗೂ ಬೀಳುತ್ತೆ."

"ಅವಳು ಯಾರೋ. ನಾನು ನಿಮ್ಮವಳು."

ನಾನು ಆ ಜಾಗದಲ್ಲಿದ್ದಿದ್ದರೆ ಹೌದು ಎನ್ನುತ್ತಿದ್ದೆ. ದಿನಾ ಹೊಡೆಯುತ್ತಿದ್ದ, ಬೆಲ್ಟಿನಲ್ಲಿ ಹೊಡೆಯುತ್ತಿದ್ದ ಎಂದು ನಾಲ್ಕು ಸೇರಿಸಿಯೇ ಹೇಳುತ್ತಿದ್ದೆ. ಹುಡುಗಿಯ ಬಾಳು ದೊಡ್ಡದೋ, ಎಲ್ಲೋ ಇರುವ ಬಣ್ಣದ ಅಂಗಡಿಯವನ ಹೆಸರು ದೊಡ್ಡದೋ? ಕಣ್ಣಲ್ಲೇ ಅದನ್ನು ಟಚಿಂಗಮ್ಮನಿಗೆ ಹೇಳಲು ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಹುಡುಗನ ತಾಯಿ ಒಳಗೆ ಬಂದರು. ಈ ಸಲ ಮುಖದಲ್ಲಿ ಗಂಟು ಇರಲಿಲ್ಲ. ಅಲ್ಲಾಡುವ ಸ್ಟೂಲಿನ ಮೇಲೆ ಕೂತು, ಟಚಿಂಗಮ್ಮನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು. "ಮಗು ಎಲ್ಲ ಹೇಳ್ತಮ್ಮ. ಮೊದಲೇ ಹೇಳ್ಬಾರ್ದಿತ್ತಾ? ನಾವೂ ಹೆಂಗಸರೇ. ಬಹಳ ಹೊಡೀತಿದ್ರಾ?"

ಹುಡುಗಿ ಗೋಡೆಗೆ ಒರಗಿ ನಿಂತು ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ" ಎಂದಳು ಟಚಿಂಗಮ್ಮ. "ಒಂದು ದಿನವೂ ಕೈ ಎತ್ತಿಲ್ಲ. ಒಳ್ಳೆಯವರು."

"ಮತ್ತೆ ಯಾಕೆ ಬಿಟ್ರಿ?"

"ಅಲ್ಲಿರೋಕೆ ನಂಗಿಷ್ಟ ಇರ್ಲಿಲ್ಲ. ಹುಟ್ಟಿದಾಗಿಂದ ಎಲ್ಲ ಬೇರೆಯವರು ಹೇಳಿದ್ದೇ ಮಾಡಿದೀನಿ. ಓದು ಬಿಡು ಅಂದ್ರು, ಬಿಟ್ಟೆ. ಮದುವೆಯಾಗು ಅಂದ್ರು, ಆದೆ. ನಾನಾಗಿ ಮಾಡಿದ್ದು ಇದೊಂದೇ. ಅದನ್ನೂ ಅವರ ತಲೆಗೆ ಕಟ್ಟಿಬಿಟ್ರೆ ನಂದು ಅಂತ ಏನೂ ಉಳಿಯಲ್ಲ."

ಅವರು ಕೈ ಬಿಟ್ಟರು. ಸಿಟ್ಟಿನಿಂದಲ್ಲ, ಯಾರದೋ ವಸ್ತುವನ್ನು ತಪ್ಪಿ ಎತ್ತಿಕೊಂಡವರ ಹಾಗೆ ಅವಳ ಮಡಿಲಿಗೇ ಹಿಂದಿರುಗಿಸಿದರು. ಎದ್ದು ನಿಂತು ಹುಡುಗಿಯ ಕಡೆ ತಿರುಗಿದರು.

"ನಿನ್ನನ್ನ ಸಾಕಿದ್ದು ಇವರೇ ತಾನೇ? ನಾಳೆ ನಿಂಗೂ ನಮ್ಮನೇಲಿ ಇಷ್ಟ ಆಗ್ಲಿಲ್ಲ ಅಂದ್ರೆ, ಹೀಗೇ ಎದ್ದು ಹೋಗ್ತೀಯಾ?"

"ಇಲ್ಲಮ್ಮ" ಎಂದಳು ಹುಡುಗಿ. ಒಂದು ಗಳಿಗೆಯೂ ಯೋಚಿಸಲಿಲ್ಲ. "ನಾನು ಇವ್ರ ಹಾಗಲ್ಲ."

"ಏನೇ ಆದ್ರೂ?"

"ಏನೇ ಆದ್ರೂ ಹೋಗಲ್ಲ."

"ಹೊಡೆದ್ರೂ?" ಎಂದು ಕೇಳಿದವಳು ಟಚಿಂಗಮ್ಮ. ಅವಳ ದನಿ ಅಷ್ಟು ಮೇಲೆ ಹೋದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಹುಡುಗಿ ಅತ್ತೆಯ ಕಡೆ ತಿರುಗದೆ ಹುಡುಗನ ತಾಯಿಗೇ ಹೇಳಿದಳು, "ಹೊಡೆದ್ರೂ ಹೋಗಲ್ಲಮ್ಮ." ಆ ಹೆಂಗಸು ಅವಳ ಕೈ ಹಿಡಿದುಕೊಂಡರು, ಆಗಲೇ ಟಚಿಂಗಮ್ಮನದನ್ನು ಹಿಡಿದಿದ್ದರಲ್ಲ, ಅಷ್ಟೇ ಪ್ರೀತಿಯಿಂದ. ಆಗ ನನಗೆ ಟಚಿಂಗಮ್ಮನ ಮೇಲಿದ್ದ ಹಳೆಯ ಸಿಟ್ಟೆಲ್ಲ ಇಳಿದು, ಆ ಇಬ್ಬರ ಮೇಲೆ ಏರಿತು.

ಅವರು ಮೆಟ್ಟಿಲಿಳಿಯುವಾಗ ಟಚಿಂಗಮ್ಮ ಚಪ್ಪಲಿಯೂ ಇಲ್ಲದೆ ಹಿಂದೆಯೇ ಹೋದಳು. ಕಾರಿನ ಬಾಗಿಲ ಹತ್ತಿರ ನಿಂತು, "ಬರ್ಬೇಕು ಅನ್ಸಿದ್ರೆ ಬಾ. ನಾನು ಕಾರಣ ಕೇಳಲ್ಲ" ಎಂದಳು. ಹುಡುಗಿ ಗಾಜು ಏರಿಸಿಕೊಂಡಳು.