ಬಾಗಿಲ ಹಿಂದಿನ ಮೊಳೆ

ಅವರ್ಸಾದ ವೈಜಯಂತಿಗೆ ಸಿಟ್ಟು ಬಂದರೆ ಸ್ವರ ಏರುವುದಿಲ್ಲ, ಸಣ್ಣಗಾಗುತ್ತದೆ. ಹನ್ನೊಂದು ವರ್ಷ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಕಾರವಾರದ ಸರಕಾರಿ ಕಚೇರಿಯೊಂದಕ್ಕೆ ಹೋಗಿ ಬಂದವಳು. ಮೀನುಗಾರರ ಮನೆ ಮಗಳು, ಕೆಲಸ ಇನ್ನೂ ಗುತ್ತಿಗೆಯದ್ದೇ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರಿಗೆ ನಿವೇಶನ ಕೊಡುವ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವವಳು ಅವಳು.

೨೦೦೯ರಲ್ಲಿ ಆ ಪಟ್ಟಿ ಕಚೇರಿ ಬಿಟ್ಟು ಬೆಂಗಳೂರಿನ ದೊಡ್ಡ ಸರ್ವರಿಗೆ ಹೋಯಿತು. ಕಲಿಸಲು ಬಂದವರು ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಟ್ಟು, "ಯಾರು ಏನು ತಿದ್ದಿದರೂ ಅವರ ಹೆಸರು ಅಲ್ಲಿ ಉಳಿಯುತ್ತದೆ. ಮನೆಯವರಿಗೂ ಹೇಳಬೇಡಿ," ಎಂದು ಹೋದರು. ಆದರೆ ಆ ಕಚೇರಿಯ ಪದ್ಧತಿಯೇ ಬೇರೆ. ಕಪಾಟಿನ ಬೀಗದಕೈ ಮೂವತ್ತು ವರ್ಷದಿಂದ ಬಾಗಿಲ ಹಿಂದಿನ ಮೊಳೆಯಲ್ಲಿ. ಬೇಕಾದವರು ತಗೊಳ್ಳುವುದು, ಮತ್ತೆ ಅಲ್ಲೇ ಹಾಕುವುದು. ಕಚೇರಿಯ ಸಾಹೇಬರಾದ ದೇವಿದಾಸರು ವೈಜಯಂತಿಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಸಿ ಅದೇ ಮೊಳೆಗೆ ಸಿಕ್ಕಿಸಿದರು.

"ಸರ್, ಹಾಗೆ ಇಡೂಕೆ ಬರೂದಿಲ್ಲ ಹೇಳಿದ್ರಲ್ಲ?"

"ನಾವೇನು ಕಳ್ಳರೇನ್ರೀ? ನೀವು ರಜೆ ಹಾಕಿದ ದಿನ ಕೆಲಸ ನಿಲ್ಲಬೇಕಾ?"

ಗುತ್ತಿಗೆಯವಳು, ತನ್ನ ಮೇಜಿಗೆ ಮರಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಗಾದ ಮುದುಕ ಬೊಮ್ಮು ಗೌಡ ಬಂದು ಅವಳ ಮೇಜಿನೆದುರು ನಿಂತ. ಭೂಮಿ ಕೊಟ್ಟು, ಹತ್ತು ವರ್ಷದಿಂದ ಮಗಳ ಮನೆಯ ಕೊಟ್ಟಿಗೆಯಲ್ಲಿ ಮಲಗುವವ. "ಅಕ್ಕೋರೆ, ನನ್ನ ಹೆಸರೇ ಇಲ್ವಂತೆ." ತೆಗೆದು ನೋಡಿದರೆ ಹೌದು. ಅವನ ಹೆಸರಿದ್ದ ಜಾಗದಲ್ಲಿ ಸಾಹೇಬರ ಕೋಣೆಯಲ್ಲಿ ದಿನಾ ಚಾ ಕುಡಿಯುವ ಕಂತ್ರಾಟುದಾರನ ಹೆಸರು. ದೂರು ಹೋಗಿ ವಿಚಾರಣೆ ಶುರುವಾಯಿತು. ಸರ್ವರ್ ಹೇಳಿದ್ದು ಒಂದೇ: ಆಗಸ್ಟ್ ಹನ್ನೆರಡು, ಬೆಳಿಗ್ಗೆ ಹನ್ನೊಂದೂವರೆ, ತಿದ್ದಿದವರು ವೈಜಯಂತಿ.

ಆ ದಿನ ಅವಳು ಅಂಕೋಲೆಯ ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಪಕ್ಕ ಕೂತಿದ್ದಳು. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಸಹಿಯಿತ್ತು! ರಜೆ ಉಳಿಯಲಿ ಎಂದು ಪಕ್ಕದ ಮೇಜಿನ ಲತಾ ಹಾಕಿದ್ದು. ಅದೂ ಅಲ್ಲಿಯ ಪದ್ಧತಿಯೇ. ಲತಾಳ ಮಗುವಿಗೆ ಜ್ವರ ಬಂದಾಗ ವೈಜಯಂತಿಯೂ ಹಾಕಿದ್ದಳು.

"ಕೈತಪ್ಪಿ ಆಯ್ತು ಹೇಳಿ ಬರಕೊಟ್ಟುಬಿಡು ಮಾರಾಯ್ತಿ," ಎಂದಳು ಲತಾ ಅಳುತ್ತಾ. "ಸಾಹೇಬ್ರು ನಿನ್ನ ಉಳಿಸ್ತಾರಂತೆ. ಪಟ್ಟಿ ಮಾತ್ರ ಇನ್ನು ಬದಲಾಗೂದಿಲ್ಲಂತೆ."

ವೈಜಯಂತಿ ಒಪ್ಪಲಿಲ್ಲ. ಕದ್ದವನು ಚಾ ಕುಡಿಯುತ್ತಾ ಕೂತಿರಬೇಕು, ತಾನು ತಪ್ಪೊಪ್ಪಿ ಉಳಿಯಬೇಕು, ಮುದುಕ ಕೊಟ್ಟಿಗೆಯಲ್ಲೇ ಸಾಯಬೇಕು. ಎಂಥಾ ನ್ಯಾಯ ಇದು? ವಿಚಾರಣೆಯವರ ಮುಂದೆ ಆಸ್ಪತ್ರೆಯ ಚೀಟಿ ಇಟ್ಟಳು.

"ಅವತ್ತು ನಾ ಇರಲಿಲ್ಲ. ಹಾಜರಿ ಸುಳ್ಳು. ಗೊತ್ತಿದ್ದೂ ಸುಮ್ಮನಿದ್ದವಳು ನಾನು, ಸಹಿ ಯಾರದು ಕೇಳಬೇಡಿ. ನನ್ನ ಪಾಸ್‌ವರ್ಡ್ ಎಲ್ಲಿತ್ತು ಅದನ್ನ ಕೇಳಿ. ಬಾಗಿಲ ಹಿಂದೆ ನೋಡಿ."

ಪಾಸ್‌ವರ್ಡಿನ ಚೀಟಿ ಅಲ್ಲೇ ಇತ್ತು. ಅದನ್ನು ತೆಗೆದಿಡಬೇಕೆಂದು ಸಾಹೇಬರಿಗೂ ಹೊಳೆದಿರಲಿಲ್ಲ, ಆ ಮೊಳೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಬೊಮ್ಮು ಗೌಡನ ಹೆಸರು ಪಟ್ಟಿಗೆ ಮರಳಿತು. ಸಾಹೇಬರಿಗೆ ಎಚ್ಚರಿಕೆಯಿಂದಿರಿ ಎಂಬ ಒಂದು ಕಾಗದ, ಅಷ್ಟೇ. ಸುಳ್ಳು ಹಾಜರಿಗಾಗಿ ವೈಜಯಂತಿಯ ಗುತ್ತಿಗೆ ರದ್ದು. ವಿಚಾರಣೆಯವರ ಕಣ್ಣಿಗೆ ಕಂಡ ಅಪರಾಧ ಅದೊಂದೇ!

ತಿಂಗಳ ಕೊನೆಗೆ, ಬಿಟ್ಟುಬಂದ ಕೊಡೆ ತರಲು ಹೋದಳು. ಕೊಡೆ ಬಾಗಿಲ ಹಿಂದಿತ್ತು. ಮೇಲೆ ಮೊಳೆಯಲ್ಲಿ ಹೊಸ ಚೀಟಿ, ಲತಾಳ ಅಕ್ಷರದಲ್ಲಿ ಅವಳದೇ ಪಾಸ್‌ವರ್ಡ್. ವೈಜಯಂತಿ ಅದನ್ನು ಕಿತ್ತು ಲತಾಳ ಮೇಜಿನ ಮೇಲಿಟ್ಟಳು. ಅವಳ ಸ್ವರ ಸಣ್ಣಗಾಗಿತ್ತು.

"ಬೇಕಾದ್ರೆ ಇದನ್ನ ನುಂಗು. ಅಲ್ಲಿ ಮಾತ್ರ ಹಾಕಬೇಡ."