ಏಳು ಎಂದೇ ಹೇಳುತ್ತಿದ್ದ ಗುಂಡಿಯಕ್ಕ

ಕೊಳ್ಳುವಾಗ ಗುಂಡಿಯಕ್ಕನ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಹೊರಟದ್ದನ್ನು ಕೇಳಿದವರಿಲ್ಲ. ಮಾರುವಾಗಿನ ಕಥೆ ಬೇರೆ. ಆಗ ಬರೀ ಪ್ಲಾಸ್ಟಿಕ್ ಗುಂಡಿಗೂ ಅವಳು ಮುತ್ತಿನ ಮರ್ಯಾದೆ ಕೊಡುತ್ತಿದ್ದಳು. ಆದರೆ ಸಗಟು ವ್ಯಾಪಾರಿ ಮಾದರಿಗಳ ಪೆಟ್ಟಿಗೆ ಬಿಚ್ಚಿದನೋ, ಅವಳ ಮುಖ ಹುಳಿ ಹಿಂಡಿದ ಹಾಲಿನಂತಾಗುತ್ತಿತ್ತು.

“ನೋಡಿ ಅಕ್ಕಾ, ಈ ಸಲದ ಮಾಲಿಗೆ ಎಂಥಾ ಹೊಳಪು!”

“ಹೊಳಪು ಹಾಗಿರಲಿ, ತೂತು ನೋಡು. ದಾರ ಕತ್ತರಿಸಿ ಹಾಕುತ್ತೆ.”

“ಹೋದ ಸಲಾನೂ ಇದೇ ಅಂದ್ರಿ. ಎಲ್ಲಾ ಮಾರಿ ಹೋಯ್ತಲ್ಲ?”

“ಏನೋ ನಿನ್ನ ಮುಖ ನೋಡಿ ತಗೊಂಡೆ. ಅಷ್ಟೇನಿಲ್ಲ.”

‘ಅಷ್ಟೇನಿಲ್ಲ’ ಎಂದರೆ ಪೆಟ್ಟಿಗೆ ಪೂರ್ತಿ ಇಳಿಸು ಎಂದು ಅವನಿಗೆ ಗೊತ್ತಿತ್ತು. ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಒಂದು ಲೇಸಿನ ಸುರುಳಿ ಕಂಡು “ಅಯ್ಯೋ, ಎಷ್ಟು ಚೆಂದ!” ಎಂದದ್ದೇ ತಡ, ಅತ್ತೆ ಕೌಂಟರಿನ ಕೆಳಗೆ ಕಾಲು ತುಳಿದಿದ್ದರು. ಕಣ್ಣಲ್ಲಿ ಆಸೆ ಕಂಡರೆ ಬೆಲೆ ಏರುತ್ತೆ ಕಣೇ ಎಂಬ ಉಪದೇಶ ಆಮೇಲೆ ಬಂತು. ಆ ತುಳಿತವನ್ನು ಗುಂಡಿಯಕ್ಕ ಜನ್ಮದಲ್ಲಿ ಮರೆಯಲಿಲ್ಲ.

ಅಂಗಡಿ ಎಂದರೆ ಎರಡು ದೊಡ್ಡ ಕಟ್ಟಡಗಳ ನಡುವೆ ಯಾರೋ ಮರೆತು ಬಿಟ್ಟ ಸಂದು. ನೆಲದಿಂದ ಮಾಳಿಗೆಯವರೆಗೆ ಸಣ್ಣ ಸಣ್ಣ ಡ್ರಾಯರುಗಳು; ಒಳಗೇನಿದೆ ಎಂದು ತಿಳಿಯಲು ಪ್ರತಿಯೊಂದರ ಮುಖಕ್ಕೂ ಒಂದು ಗುಂಡಿ ಅಂಟಿಸಿತ್ತು. ದರ್ಜಿಯೊಬ್ಬ ಹಳೆಯ ಕೋಟು ತಂದು “ಇದಕ್ಕೆ ಜೋಡಿ ಬೇಕು” ಎಂದರೆ ಗುಂಡಿಯಕ್ಕ ದೀಪ ಹಾಕುತ್ತಿರಲಿಲ್ಲ. ಡ್ರಾಯರಿಗೆ ಕೈ ಬಿಟ್ಟು, ಗಿರಾಕಿಯ ಜೊತೆ ಮಾತಾಡುತ್ತಲೇ ಬೆರಳಲ್ಲಿ ತಡಕುತ್ತಿದ್ದಳು. ಚಿಪ್ಪಿನದು ತಣ್ಣಗೆ, ಮರದ್ದು ಬೆಚ್ಚಗೆ, ಕೊಂಬಿನದು ಇವೆರಡರ ನಡುವೆ. ಜೋಡಿ ಸಿಕ್ಕೇ ಸಿಗುತ್ತಿತ್ತು. ಊರಲ್ಲಿ ಅಂಗಡಿಗಳಿಗೆ ಬರವಿರಲಿಲ್ಲ. ಜನ ಬರುತ್ತಿದ್ದದ್ದು ಆ ಬೆರಳುಗಳಿಗೆ.

ಕೈಕೊಟ್ಟದ್ದೂ ಅವೇ. ಮೊದಲು ಬೆಳಗಿನ ಹೊತ್ತು ಮುಷ್ಟಿ ಮಡಚಲು ಆಗಲಿಲ್ಲ. ಆಮೇಲೆ ಗೆಣ್ಣುಗಳು ಊದಿ, ಕೆಂಪಾಗಿ, ಮುಟ್ಟಿದರೆ ಕುದಿಯುವ ಪಾತ್ರೆಯಂತಾದವು. ಡ್ರಾಯರುಗಳನ್ನು ಮೊಣಕೈಯಿಂದ ಮುಚ್ಚುವ ಕಾಲ ಬಂತು. ಮೈದುನನ ಹೆಂಡತಿ, ಅಂದರೆ ವಾರಗಿತ್ತಿ, ಕೌಂಟರಿಗೆ ಬಂದು ನಿಂತಳು. ಅವಳು ಒಳ್ಳೆಯವಳೇ. ಆದರೆ ಚಿಪ್ಪು ಕೇಳಿದವರಿಗೆ ಪ್ಲಾಸ್ಟಿಕ್ ಕೊಟ್ಟು, “ಎರಡೂ ಬಿಳೀನೇ ಅಲ್ವಾ?” ಎನ್ನುವ ಜಾತಿ. ಹಳೆಯ ದರ್ಜಿಗಳು ಒಬ್ಬೊಬ್ಬರಾಗಿ ಕಾಲು ಕಿತ್ತರು. ಬೆರಳು ತಿರುಗಿ ಬರದಿದ್ದರೆ ತಾನು ಅಂಗಡಿಯಲ್ಲಿ ಇನ್ನೊಂದು ಸ್ಟೂಲು, ಅಷ್ಟೇ ಎಂಬುದು ಗುಂಡಿಯಕ್ಕನಿಗೆ ಯಾರೂ ಹೇಳದೆ ತಿಳಿಯಿತು.

ಮಾತ್ರೆಗಳು ಸೋತ ಮೇಲೆ ಮನೆ ಡಾಕ್ಟರು ಅವಳನ್ನು ಸಂಶೋಧನೆ ನಡೆಯುವ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಮಗಳ ವಯಸ್ಸಿನವಳು. ಸಹನೆ ಮಾತ್ರ ಅಜ್ಜಿಯದು.

“ನೋಡೀಮ್ಮಾ, ಮೈ ಕಾಯೋಕೆ ನಮ್ಮ ರಕ್ತದಲ್ಲಿ ಜೀವಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಸಣ್ಣ ಸಣ್ಣ ಪ್ರೋಟೀನು ಬಿಡ್ತವೆ. ಸೈಟೊಕೈನ್ ಅಂತೀವಿ. ರೋಗ ಬಂದಾಗ ‘ಬನ್ನಿ, ಹೊಡೀರಿ’ ಅನ್ನೋ ಸುದ್ದಿ. ನಿಮ್ಮಲ್ಲಿ ಶತ್ರುಗಳೇ ಇಲ್ಲದಿದ್ರೂ ಆ ಸುದ್ದಿ ನಿಲ್ತಾ ಇಲ್ಲ. ಬಂದ ಸೈನ್ಯ ನಿಮ್ಮ ಕೀಲುಗಳನ್ನೇ ಹೊಡೀತಾ ಇದೆ.”

ಇದು ಗುಂಡಿಯಕ್ಕನಿಗೆ ಚೆನ್ನಾಗಿ ಅರ್ಥವಾಯಿತು. ಪೇಟೆಯಲ್ಲಿ ದಾರ ಸಿಗುವುದಿಲ್ಲವಂತೆ ಎಂದು ಒಬ್ಬ ಕೆಮ್ಮಿದರೆ ಸಾಕು, ಸಂಜೆಯೊಳಗೆ ನಿಜವಾಗಿಯೂ ಎಲ್ಲೂ ದಾರ ಸಿಗುವುದಿಲ್ಲ.

“ಸುದ್ದಿ ಹಬ್ಬಿಸೋನ ಬಾಯಿ ಮುಚ್ಚಿಸ್ತೀರಿ ಅನ್ನಿ.”

“ಹೆಚ್ಚು ಕಮ್ಮಿ ಹಾಗೇ. ಅಂಥ ಒಂದು ಪ್ರೋಟೀನನ್ನ ದಾರಿಯಲ್ಲೇ ಹಿಡಿಯೋ ಇಂಜೆಕ್ಷನ್ ಇದು. ಆದ್ರೆ ಪರೀಕ್ಷೆ ಇನ್ನೂ ನಡೀತಾ ಇದೆ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು.”

“ನನಗೆ ಯಾವುದು?”

“ನಿಮಗೂ ಹೇಳಲ್ಲ, ನನಗೂ ಗೊತ್ತಿಲ್ಲ.”

ಇಲ್ಲಿ ಅವಳ ತಲೆ ಕೆಟ್ಟಿತು. ತನ್ನ ಪೆಟ್ಟಿಗೆಯಲ್ಲಿ ಏನಿದೆ ಎಂದು ಗೊತ್ತಿಲ್ಲದ ವ್ಯಾಪಾರಿಯನ್ನು ಅವಳು ಈವರೆಗೆ ಕಂಡಿರಲಿಲ್ಲ. ಗೊತ್ತಿಲ್ಲ ಎಂದು ನಟಿಸುವವರನ್ನು ಬೇಕಾದಷ್ಟು ಕಂಡಿದ್ದಳು. ಹುಡುಗಿ ಪಕ್ಕಾ ಇದ್ದಾಳೆ, ಗುಟ್ಟು ಬಿಡುವುದಿಲ್ಲ ಎಂದು ಒಳಗೊಳಗೇ ಮೆಚ್ಚಿ, ಸಹಿ ಹಾಕಿದಳು.

ಪ್ರತಿ ಸಲ ಹೋದಾಗ ಮೊದಲು ಒಬ್ಬರು ಗೆಣ್ಣುಗಳನ್ನು ಒತ್ತಿ ನೋಡುತ್ತಿದ್ದರು. ಆಮೇಲೆ ನರ್ಸು ಕೇಳುತ್ತಿದ್ದಳು: “ನೋವು ಎಷ್ಟಿದೆ? ಇಲ್ಲವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು.”

ಮೊದಲ ಸಲ ಗುಂಡಿಯಕ್ಕ ಏಳು ಎಂದಳು. ಅದು ಸತ್ಯ. ಕೆಲವು ಇಂಜೆಕ್ಷನ್ ಆದ ಮೇಲೆ ಒಂದು ಬೆಳಿಗ್ಗೆ ಅವಳು ಬಾಟಲಿಯ ಮುಚ್ಚಳವನ್ನು ತಾನೇ ತಿರುಗಿಸಿ, ತಿರುಗಿಸಿದ ಮೇಲೆ ಬೆಚ್ಚಿಬಿದ್ದಳು. ಆ ವಾರವೂ ನರ್ಸು ಕೇಳಿದಳು.

ಗುಂಡಿಯಕ್ಕ ಮೂಗು ಮುರಿದಳು. “ಏಳು. ಅಷ್ಟೇನಿಲ್ಲ ನಿಮ್ಮ ಇಂಜೆಕ್ಷನ್ನು.”

ಮಾತು ತಾನಾಗಿ ಬಂದಿತ್ತು. ಬಂದ ಮೇಲೆ ಯೋಚಿಸಿ ನೋಡಿದರೂ ಸರಿಯೆನಿಸಿತು. ಚೆನ್ನಾಗಿದೆ ಎಂದರೆ ‘ಸರಿ, ವಾಸಿಯಾಯ್ತು, ಇನ್ನು ಬರಬೇಡಿ’ ಅನ್ನುವುದಿಲ್ಲವೇ? ಇಷ್ಟವಿಲ್ಲ ಎಂದಷ್ಟೂ ವ್ಯಾಪಾರಿ ಇನ್ನೊಂದಿಷ್ಟು ಸುರಿಯುತ್ತಾನೆ. ಹಾಗೆ ಹೋದಾಗಲೆಲ್ಲ ಏಳು. ಸೂಜಿಗೆ ದಾರ ಪೋಣಿಸಿ ಬಂದ ದಿನವೂ ಏಳು.

ಒಂದು ದಿನ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡಳು. “ಗಂಟು ಒತ್ತಿ ನೋಡೋರು ಊತ ಇಳಿದಿದೆ ಅಂತಾರೆ. ನೀವು ನೋವು ಕೂದಲಷ್ಟೂ ಇಳಿದಿಲ್ಲ ಅಂತೀರಿ. ನನಗೆ ತಲೆಬುಡ ಅರ್ಥ ಆಗ್ತಾ ಇಲ್ಲ. ಆದ್ರೆ ನಿಯಮ ಇದೆಯಮ್ಮಾ. ಮುಂದಿನ ಸಲಾನೂ ಏಳೇ ಆದ್ರೆ ಇದು ನಿಮಗೆ ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿ, ಹಳೇ ಮಾತ್ರೆಗೇ ಹಾಕ್ತೀವಿ.”

ಇಷ್ಟವಿಲ್ಲ ಎಂದರೆ ಪೆಟ್ಟಿಗೆ ಮುಚ್ಚಿಕೊಂಡು ಹೋಗಿಯೇಬಿಡುವ ವ್ಯಾಪಾರ ಗುಂಡಿಯಕ್ಕನಿಗೆ ಹೊಸದು.

ಮನೆಗೆ ಬಂದು ವಾರಗಿತ್ತಿಗೆ ಎಲ್ಲಾ ಹೇಳಿದಳು. ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಲ್ಲಕ್ಕಾ, ಡಾಕ್ಟ್ರ ಹತ್ರಾನೂ ಚೌಕಾಸಿ ಮಾಡಿದ್ರಾ?”

“ನಗಬೇಡ ಕಣೇ. ಇಂಜೆಕ್ಷನ್ ನಿಲ್ಲಿಸಿಬಿಟ್ರೆ ಏನ್ ಮಾಡ್ಲಿ?”

“ಹೋಗಿ ಸೊನ್ನೆ ಅನ್ನಿ, ಮುಗೀತು.”

“ಸೊನ್ನೆ ಇಲ್ವಲ್ಲೇ.”

“ಮತ್ತೆ ಎಷ್ಟಿದೆ?”

ಗುಂಡಿಯಕ್ಕ ಬಾಯಿ ತೆರೆದಳು. ಏಳು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಪಕ್ಕಕ್ಕೆ ಸರಿಸಿ ಒಳಗೆ ಹುಡುಕಿದರೆ ಏನೂ ಸಿಗಲಿಲ್ಲ. ಇಷ್ಟು ದಿನ ಏಳು ಎಂದು ಹೇಳಿ ಹೇಳಿ, ನಿಜವಾದ ಲೆಕ್ಕ ಎಲ್ಲಿಟ್ಟಿದ್ದೆ ಎಂಬುದೇ ಮರೆತುಹೋಗಿತ್ತು.

ವಾರಗಿತ್ತಿ ಹಟ ಬಿಡುವವಳಲ್ಲ. ತಟ್ಟೆಯಲ್ಲಿ ಚಿಪ್ಪು, ಕೊಂಬು, ಮರ ಎಲ್ಲಾ ಕಲಸಿ ಮುಂದಿಟ್ಟು, “ಕಣ್ಣು ಮುಚ್ಚಿ ಬೇರೆ ಮಾಡಿ” ಎಂದಳು. ಗುಂಡಿಯಕ್ಕ ಮಾಡಿದಳು. ಬೆರಳು ಮೊದಲಿನಷ್ಟು ಚುರುಕಿಲ್ಲ, ಒಂದೆರಡು ಕಡೆ ತಡವರಿಸಿತು. ಆದರೂ ಮೂರು ಗುಡ್ಡೆ ಬಿದ್ದವು.

“ನೋವಾಯ್ತಾ?”

“ಗೊತ್ತಾಗಲಿಲ್ಲ. ಗಮನ ಗುಂಡಿ ಮೇಲಿತ್ತು.”

“ಈಗ?”

“ಈಗ ನೀನು ಕೇಳಿದ್ಮೇಲೆ ನೋಯ್ತಾ ಇದೆ.”

“ನಿಮ್ಮನ್ನ ಕಟ್ಕೊಂಡ ಭಾವ ಪುಣ್ಯಾತ್ಮರು” ಎಂದು ವಾರಗಿತ್ತಿ ಎದ್ದುಹೋದಳು.

ಗುಂಡಿಯಕ್ಕ ಮಾತ್ರ ಗುಡ್ಡೆಗಳ ಮುಂದೆ ಕೂತೇ ಇದ್ದಳು. ಹಾಳಾದ ಅನುಮಾನ ಇನ್ನೊಂದಿತ್ತು. ತನಗೆ ಹಾಕುತ್ತಿರುವುದು ನೀರೇ ಆಗಿದ್ದರೆ? ನಿಲ್ಲಿಸಿದರೆ ಹೋಗುವುದೇನು? ನೀರಾದರೆ ಮುಚ್ಚಳ ತಿರುಗಿದ್ದು ಹೇಗೆ? ಔಷಧಿಯಾದರೆ ಈಗ ನೋಯುತ್ತಿರುವುದು ಏನು? ಯಾವ ಕಡೆಯಿಂದ ಎಳೆದರೂ ದಾರದ ತುದಿ ಸಿಗಲಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಬಂತು. ನರ್ಸು ಪ್ರಶ್ನೆ ಕೇಳುವ ಮೊದಲೇ ಅವಳು ಕೈಯೆತ್ತಿ ತಡೆದಳು. “ಡಾಕ್ಟ್ರನ್ನ ಕರೀರಿ. ಒಂದು ಮಾತು ಹೇಳಬೇಕು.”

ಎಲ್ಲ ಕೇಳಿದ ಮೇಲೆ ಡಾಕ್ಟರು ಅವಳ ಕಡತ ಬಿಚ್ಚಿ, ಸಾಲಾಗಿದ್ದ ಏಳುಗಳ ಮೇಲೆ ಬೆರಳಾಡಿಸಿದಳು. ಸಿಟ್ಟೋ, ನಗುವೋ, ಅವಳಿಗೇ ನಿರ್ಧಾರವಾಗಲಿಲ್ಲ.

“ಎಲ್ಲರ ಉತ್ತರ ಸೇರಿಸಿಯೇ ಈ ಔಷಧಿ ಕೆಲಸ ಮಾಡುತ್ತೋ ಇಲ್ವೋ ನೋಡೋದಮ್ಮಾ. ನಿಮಗೆ ಔಷಧಿ ಬಿದ್ದಿದ್ರೆ ಒಳ್ಳೆ ಔಷಧಿಗೆ ಕೆಟ್ಟ ಹೆಸರು ತಂದ್ರಿ. ನೀರು ಬಿದ್ದಿದ್ರೆ, ನೀರಿಗೆ ಬರಬೇಕಾದ ಹೆಸರು ತಪ್ಪಿಸಿದ್ರಿ.”

“ನೀರಿಗೂ ಹೆಸರು ಬರುತ್ತಾ?”

“ಬರುತ್ತೆ. ಚುಚ್ಚಿದ್ರು ಅನ್ನೋ ಸಮಾಧಾನಕ್ಕೇ ಕೆಲವರ ನೋವು ಇಳಿಯುತ್ತೆ. ಅದಕ್ಕೇ ನೀರೂ ಬೇಕು.”

ಗುಂಡಿಯಕ್ಕ ಗೋಡೆಗೊರಗಿದಳು. ಸಮಾಧಾನವೂ ಸರಕಾಗಿರುವ ಪೇಟೆಯಲ್ಲಿ ಅವಳಂಥ ಹಳಬಳೂ ಹೊಸಬಳೇ.

“ಆಗಿದ್ದು ಆಯ್ತು. ಇವತ್ತು ಎಷ್ಟು? ಸತ್ಯ ಹೇಳಿ.”

“ನಾಲ್ಕು.” ಒಂದು ಉಸಿರು ಬಿಟ್ಟು, “ಅಲ್ಲ, ಎದ್ದಾಗ ನಾಲ್ಕು. ಈಗ ಮೂರು. ಎರಡು ಅಂತ ಹೇಳಿ ನಿಮ್ಮನ್ನ ಒಲಿಸಿಕೊಳ್ಳೋಣ ಅನ್ನಿಸ್ತಾ ಇದೆ. ಬೇಡ, ಮೂರೇ ಇರಲಿ.”

“ಗಟ್ಟಿನಾ?”

“ಗಟ್ಟಿ ಅಂತ ಹೇಗೆ ಹೇಳಲಿ ತಾಯಿ? ಹುಡುಕಿದಾಗ ಸಿಕ್ಕಿದ್ದು ಅದು.”

ಡಾಕ್ಟರು ಒಳಕೋಣೆಗೆ ಹೋದಳು. ಗಾಜಿನಾಚೆ ಹಿರಿಯ ಡಾಕ್ಟರೊಬ್ಬರು ಹಣೆ ಉಜ್ಜಿಕೊಳ್ಳುತ್ತಾ ಕೇಳುವುದು ಕಾಣುತ್ತಿತ್ತು. ಅವರು ಒಮ್ಮೆ ತಲೆಯೆತ್ತಿ ಗುಂಡಿಯಕ್ಕನನ್ನು ನೋಡಿದರು. ಅವಳಿಗೆ ಏನು ತೋಚಿತೋ, ಮುಖದ ಮೇಲೆ ಯಾವ ಭಾವವನ್ನೂ ತಾರದೆ ಕೂರುವ ಅಭ್ಯಾಸ ಬಿಟ್ಟು, ಬೇಕು ಎನ್ನುವಂತೆ ಎರಡೂ ಕೈ ಜೋಡಿಸಿದಳು. ಅತ್ತೆ ಇದ್ದಿದ್ದರೆ ಎರಡೂ ಕಾಲು ತುಳಿಯುತ್ತಿದ್ದರು.

ಹೊರಗೆ ಬಂದ ಡಾಕ್ಟರು ಹೇಳಿದಳು: “ಮುಂದುವರಿಸ್ತೀವಿ. ಹಳೇ ಉತ್ತರ ಅಳಿಸೋ ಹಾಗಿಲ್ಲ. ನೀವು ಹೇಳಿದ್ದನ್ನೂ ಪಕ್ಕದಲ್ಲಿ ಬರೆದಿಡ್ತೀವಿ. ರವಿಕೆ ತೋಳು ಮೇಲಕ್ಕೆ ಮಡಚಿ.”

ಸೂಜಿ ಇಳಿಯಿತು. ಗುಂಡಿಯಕ್ಕ ಮೆಲ್ಲಗೆ, ಗುಟ್ಟು ಕೇಳುವವಳಂತೆ ಬಾಗಿದಳು. “ನಾವಿಬ್ಬರೇ ಇದ್ದೀವಿ. ಇದು ಔಷಧೀನೋ ನೀರೋ?”

“ನನಗೆ ನಿಜವಾಗಲೂ ಗೊತ್ತಿಲ್ಲಮ್ಮಾ.”

ಅವಳು ಡಾಕ್ಟರ ಕಣ್ಣು ನೋಡಿದಳು. ಸುಳ್ಳಾಡುವ ವ್ಯಾಪಾರಿಯ ರೆಪ್ಪೆ ಹೇಗೆ ಬಡಿಯುತ್ತದೆ ಎಂದು ಅವಳಿಗೆ ಗೊತ್ತು. ಈ ರೆಪ್ಪೆ ಬಡಿಯಲಿಲ್ಲ.

“ಹಾಗಾದ್ರೆ ನಾನು ಇಷ್ಟು ಹೊತ್ತು ಹೊಡೆದಾಡಿದ್ದು ಯಾವುದಕ್ಕೆ?”

“ಅದು ಗೊತ್ತಾಗೋಕೇ ಈ ಸಂಶೋಧನೆ” ಎಂದು ಡಾಕ್ಟರು ನಕ್ಕು, ಹತ್ತಿಯ ಉಂಡೆ ಅವಳ ಕೈಗಿತ್ತಳು. “ಗಟ್ಟಿಯಾಗಿ ಒತ್ತಿ ಹಿಡೀರಿ.”

ಗುಂಡಿಯಕ್ಕ ಒತ್ತಿ ಹಿಡಿದಳು. ಹೆಬ್ಬೆರಳು ಹೇಳಿದಂತೆ ಕೇಳಿತು. ಕೇಳಿದ್ದು ಔಷಧಿಯ ಮಾತೋ ನೀರಿನ ಮಾತೋ ಎಂಬುದು ಮಾತ್ರ ಮೆಟ್ಟಿಲಿಳಿದು ಬಸ್ಸು ಹತ್ತಿದರೂ ಬಗೆಹರಿಯಲಿಲ್ಲ.